ದ್ವಾದಶಿಗೆ ಒಂದು ಹೀರೇಕಾಯಿ

18 ಜುಲೈ 2024, ಗುರುವಾರ
ರಾತ್ರಿ 11:20

ಕಾಯಿ ಕಿತ್ತೆ! ಬೆಳಿಗ್ಗೆ ಆರೂವರೆಗೆ, ಇನ್ನೂ ಕಾಫೀನೂ ಕುಡಿದಿರ್ಲಿಲ್ಲ, ಟೆರೇಸಿಗೆ ಓಡಿಹೋಗಿ ಕತ್ರೀಲಿ ತೊಟ್ಟು ಕತ್ತರಿಸಿ ಎರಡು ಕೈಲೂ ಹಿಡ್ಕೊಂಡು ಇಳಿದು ಬಂದೆ. ಸ್ಕೇಲ್ ಇಟ್ಟು ಅಳೆದ್ರೆ 34 ಸೆಂಟಿಮೀಟರ್. ಮಾರ್ಕೆಟ್ಟಲ್ಲಿ ಇಂಥವು ರಾಶಿ ಬಿದ್ದಿರ್ತವೆ ಅಂತ ನಂಗೂ ಗೊತ್ತು, ಆದ್ರೆ ಅವು ಯಾವುದೂ ನಂಗೆ ಹೀಚಿಂದ ಗೊತ್ತಿದ್ದಿದ್ದಲ್ಲ.

ಅಕ್ಷಯ ತದಿಗೆ ದಿನ ಹಾಕಿದ ಬೀಜ ಇದು. ಆಗಿನ್ನೂ ನೀರಿಗೆ ಒದ್ದಾಡ್ತಿದ್ವಲ್ಲ, ಅಕ್ಕಿ ತೊಳೆದ ನೀರು ಬೇಳೆ ತೊಳೆದ ನೀರು ಎಲ್ಲ ಬಕೆಟ್ಟಿಗೆ ತುಂಬ್ಕೊಂಡು ಮೂರು ಮಹಡಿ ಹತ್ತಿ ಆ ಪೇಂಟ್ ಡಬ್ಬಕ್ಕೆ ಹಾಕ್ತಿದ್ದೆ. ಬಳ್ಳಿ ಸಿಂಟೆಕ್ಸ್ ಪೈಪ್ ಹಿಡ್ಕೊಂಡು ಹತ್ತಿದ್ದೇ ಹತ್ತಿದ್ದು, ಹೂವೂ ಬಂತು, ಆದ್ರೆ ಹೀಚು ಮಾತ್ರ ಹೆಬ್ಬೆಟ್ಟಿನಷ್ಟು ಆಗೋದ್ರೊಳಗೆ ಹಳದಿಯಾಗಿ ಉದುರ್ತಿತ್ತು. ಏಳು ಉದುರಿದ್ವು. ವಿಡಿಯೋದಲ್ಲಿ ಯಾರೋ ಬೆಳಿಗ್ಗೆ ಬೆಳಿಗ್ಗೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸೋದು ತೋರಿಸಿದ್ರು, ನಾನೂ ಹಾಗೇ ಮಾಡಿದೆ, ಹೂವೆಲ್ಲ ಬಾಡಿ ಮುದುಡಿರೋದು. ಆಮೇಲೆ ಕೆಳಗಿನ ಮನೆ ಅಜ್ಜಿ ಹೇಳಿದ್ದು, ಅದು ಕುಂಬಳಕ್ಕೆ ಸರಿ ಕಣಮ್ಮ, ತುಪ್ಪದ ಹೀರೇಕಾಯಿಗೂ ಸರಿ, ಈ ಏಣು ಇರೋ ಹೀರೇಕಾಯಿ ಹೂ ಅರಳೋದೇ ಸಂಜೆ ದೀಪ ಹಚ್ಚೋ ಹೊತ್ತಿಗೆ ಅಂತ. 7ನೇ ತಾರೀಕು ಭಾನುವಾರ ಆರು ಗಂಟೆಗೆ ಹೋಗಿ ನೋಡ್ತೀನಿ, ಬೆಳಿಗ್ಗೆ ಮೊಗ್ಗಾಗಿದ್ದಿದ್ದೆಲ್ಲ ಹಳದಿ ಹಳದಿ ಬಿಚ್ಕೊಂಡು ನಿಂತಿವೆ. ಇಷ್ಟು ದಿನ ನಾನು ಆಫೀಸಲ್ಲಿ ಕೂತಿರೋ ಹೊತ್ತಲ್ಲಿ ಮೇಲೆ ಇದೆಲ್ಲ ನಡೀತಿತ್ತು. ಅವತ್ತು ಮುಟ್ಟಿಸಿದ ಹೂವೇ ಇವತ್ತಿನ ಕಾಯಿ. ಹನ್ನೊಂದು ದಿನ.

ಹಂಗಾಗಿ ಮೊದಲು ಅಜ್ಜಿಗೇ ಅರ್ಧ ಕೊಡ್ಬೇಕು ಅಂತ ಅವರ ಬಾಗಿಲು ತಟ್ಟಿದೆ. ಬೀಜಾನೂ ಅವರದ್ದೇ ತಾನೆ. ನಂಜನಗೂಡಿಂದ ತಂದಿಟ್ಟಿದ್ದ ಒಣಗಿದ ಕಾಯಿ, ತುದೀಲಿ ಪುಟ್ಟ ಮುಚ್ಚಳ ಇರತ್ತಲ್ಲ ಅದು ಬಿಟ್ಟುಕೊಂಡಿತ್ತು, ತಲೆಕೆಳಗೆ ಮಾಡಿ ಅಲ್ಲಾಡಿಸಿದ್ರೆ ಕಪ್ಪು ಬೀಜ ಒಂದೊಂದಾಗಿ ನನ್ನ ಅಂಗೈಗೆ ಬಿದ್ದಿದ್ವು.

ಬಾಗಿಲು ತೆಗೆದು ಕಾಯಿ ನೋಡಿದ್ದೇ ಅಜ್ಜಿ ಮುಖ ಅರಳಿತು, ಕೈ ಮುಂದೆ ಚಾಚಿದ್ರು, ಆಮೇಲೆ ನಿಧಾನಕ್ಕೆ ಕೈ ಹಿಂದಕ್ಕೆ ತಗೊಂಡ್ರು.

"ಅಯ್ಯೋ ಮಗು, ಇವತ್ತಿಂದ ಶಾಕವ್ರತ ಅಲ್ವೇನಮ್ಮಾ."

ನಂಗೆ ಹೊಳೆದೇ ಇರ್ಲಿಲ್ಲ. ನಿನ್ನೆ ಪ್ರಥಮೈಕಾದಶಿ, ಮಠಕ್ಕೆ ಹೋಗಿ ಮುದ್ರೆ ಹಾಕಿಸ್ಕೊಂಡು ಬಂದಿದ್ರು, ಕೈ ಮೇಲೆ ಗುರುತು ಇನ್ನೂ ಕೆಂಪಗೇ ಇತ್ತು. ಚಾತುರ್ಮಾಸ್ಯದ ಮೊದಲ ತಿಂಗಳು ತರಕಾರಿ ಮುಟ್ಟಲ್ಲ ಅವರು. ನಂಗೆ ಎಷ್ಟು ಬೇಜಾರಾಯ್ತು ಅಂದ್ರೆ, ಎರಡು ದಿನ ಮುಂಚೆ ಕಿತ್ತಿದ್ರೆ ಆಗ್ತಿತ್ತಲ್ಲ ಅಜ್ಜಿ, ಇನ್ನೊಂಚೂರು ಬೆಳೀಲಿ ಅಂತ ಬಿಟ್ಟೆ ಅಂದೆ.

"ಬಿಟ್ಟಿದ್ದೇ ಒಳ್ಳೇದಾಯ್ತು, ಬಾ ಕೂತ್ಕೋ" ಅಂದು ಕಾಯಿ ಮಡಿಲಲ್ಲಿ ಇಟ್ಕೊಂಡ್ರು. ಏಣಿನ ಮೇಲೆ ಬೆರಳಾಡಿಸ್ತಾ ಆಡಿಸ್ತಾ ನಂಜನಗೂಡಿನ ಹಿತ್ತಲ ಕಥೆ ಶುರುವಾಯ್ತು. ಅವರ ಯಜಮಾನ್ರು ಪಡವಲಕಾಯಿ ತುದಿಗೆ ದಾರದಲ್ಲಿ ಕಲ್ಲು ಕಟ್ಟಿ ಇಳಿಬಿಡೋರಂತೆ, ಸೊಟ್ಟ ಆಗ್ಬಾರ್ದು ಅಂತ. ಕತ್ತಲಲ್ಲಿ ಹಿತ್ತಲಿಗೆ ಹೋದ್ರೆ ಆ ಕಲ್ಲು ಹಣೆಗೆ ಬಡೀತಿತ್ತು, ಬೈಕೊಳ್ತಿದ್ದೆ, ಅವರು ಹೋದ್ಮೇಲೆ ಚಪ್ಪರ ಖಾಲಿ, ಹಿತ್ತಲಲ್ಲಿ ಹೆಂಗೆ ಬೇಕಾದ್ರೂ ಓಡಾಡಬಹುದಿತ್ತು, ಆದ್ರೂ ಅಲ್ಲಿಗೆ ಬಂದಾಗ ತಲೆ ಬಗ್ಗಿಸ್ತಿದ್ದೆ ಅಂದ್ರು. ಸ್ವಲ್ಪ ಹೊತ್ತು ಇಬ್ರೂ ಸುಮ್ನಿದ್ವಿ. ಕುಕ್ಕರ್ ಕೂಗಿತು.

ಎದ್ದು ಬರುವಾಗ ಕ್ಯಾಲೆಂಡರ್ ಹತ್ರ ಹೋಗಿ ಕನ್ನಡಕ ಏರಿಸಿ ನೋಡಿದ್ರು. ಆಗಸ್ಟ್ 16 ಶುಕ್ರವಾರ ಏಕಾದಶಿ, ವರಮಹಾಲಕ್ಷ್ಮಿ ಹಬ್ಬಾನೂ ಅವತ್ತೇ. 17 ಶನಿವಾರ ದ್ವಾದಶಿ. "ಅವತ್ತಿಂದ ತರಕಾರಿ ಬರತ್ತೆ, ಮೊಸರು ಹೋಗತ್ತೆ. ದ್ವಾದಶಿ ಪಾರಣೆಗೆ ಹೀರೇಕಾಯಿ ತೊವ್ವೆ ಮಾಡ್ತೀನಿ, ಒಂದು ಕಾಯಿ ಬಿಡ್ಸು ನಂಗೆ. ಸಣ್ಣದಾದ್ರೂ ಸಾಕು."

ಬಿಡ್ಸು ಅಂದ್ರು! ಬಳ್ಳಿ ನನ್ನ ಮಾತು ಕೇಳತ್ತೆ ಅನ್ನೋ ಥರ. ದಿನವಿಡೀ ಅದೇ ತಲೇಲಿ.

ಆಫೀಸು. 31ಕ್ಕೆ ರಿಟರ್ನ್ಸ್ ಡೆಡ್‌ಲೈನ್, ಅಷ್ಟೇ.

ಮನೆಗೆ ಬಂದಾಗ ಎಂಟೂಕಾಲು, ಪುನರ್ವಸು ಮಳೆ ಸಣ್ಣಗೆ ಉದುರ್ತಿತ್ತು, ಕಾಲು ಇಟ್ಟಲ್ಲಿ ಇಡಕ್ಕಾಗದಷ್ಟು ಸುಸ್ತು. ಆದ್ರೆ ನಿನ್ನೆ ನೋಡಿದ್ದ ಹೆಣ್ಣು ಮೊಗ್ಗು ಇವತ್ತೇ ಅರಳಬೇಕಿತ್ತು. ಬ್ಯಾಗ್ ಬಾಗಿಲಲ್ಲೇ ಇಟ್ಟು ಮೊಬೈಲ್ ಟಾರ್ಚ್ ಹಾಕ್ಕೊಂಡು ಮೇಲೆ ಹೋದೆ. ಅರಳಿತ್ತು. ಬುಡದಲ್ಲಿ ಕಿರುಬೆರಳಿನಷ್ಟು ಕಾಯಿ ಹೊತ್ಕೊಂಡು ಒಂಟಿಯಾಗಿ ಒಂದು ಕಡೆ, ಗಂಡು ಹೂ ಗೊಂಚಲಲ್ಲಿ ಆ ಕಡೆ. ಗಂಡು ಹೂ ಕೀಳೋಣ ಅಂತ ಕೈ ಹಾಕ್ತೀನಿ, ಒಂದು ಕಂದು ಪತಂಗ ಅದರ ಮೇಲೆ ಕೂತಿದೆ. ತಕ್ಷಣ ಟಾರ್ಚ್ ಆಫ್ ಮಾಡಿ ಉಸಿರು ಬಿಗಿಹಿಡಿದು ನಿಂತೆ, ಪಕ್ಕದ ಬಿಲ್ಡಿಂಗ್ ಬೆಳಕಲ್ಲಿ ಅಷ್ಟೋ ಇಷ್ಟೋ ಕಾಣ್ತಿತ್ತು, ಆ ಹೂವಿಂದ ಈ ಹೂವಿಗೆ, ಅಲ್ಲಿಂದ ಎಲೆ ಸಂದಿಗೆ, ಮತ್ತೆ ಬಂತು. ಮಳೇಲಿ ಮೂರನೇ ಮಹಡಿಗೆ ಇದನ್ನ ಯಾರು ಕರೆದ್ರು? ಹೂವಿಗೆ ತೀರಾ ಸಣ್ಣ ಪರಿಮಳ ಇದೆ, ಹತ್ರ ಮೂಗಿಟ್ರೆ ಮಾತ್ರ ನಂಗೆ ಗೊತ್ತಾಗೋದು, ಅದಕ್ಕೆ ಎಷ್ಟು ದೂರದಿಂದ ಗೊತ್ತಾಯ್ತೋ. ಹೆಣ್ಣು ಹೂವಿಗೆ ಹೋಯ್ತೋ ಇಲ್ವೋ ಖಾತ್ರಿ ಇಲ್ಲ, ಅದು ಹಾರಿಹೋದ್ಮೇಲೆ ನಾನೂ ಒಂದ್ಸಲ ಮುಟ್ಟಿಸಿ ಬಂದೆ. ಇನ್ನೊಂದು ಗಂಡು ಹೂ ಕಿತ್ಕೊಂಡು ಅಜ್ಜಿಗೆ ತೋರಿಸೋಣ ಅಂತ ಇಳಿದ್ರೆ ಲೈಟ್ ಆರಿತ್ತು. ಮಂಡಿನೋವಿಗೆ ಅವರು ಟೆರೇಸ್ ಹತ್ತಿ ಎರಡು ವರ್ಷ ಆಯ್ತು. ಬಾಗಿಲ ಪಕ್ಕದ ತುಳಸಿ ಕುಂಡದಲ್ಲಿ ಇಟ್ಟು ಬಂದೆ.

ಒಂಬತ್ತಕ್ಕೆ ಹೀರೇಕಾಯಿ ದೋಸೆ. ಬೆಳಿಗ್ಗೇನೇ ಒಂದು ಲೋಟ ಅಕ್ಕಿ ನೆನೆಸಿಟ್ಟು ಹೋಗಿದ್ದೆ, ಐದು ಬ್ಯಾಡಗಿ ಮೆಣಸು, ಒಂದು ಚಮಚ ಧನಿಯಾ, ಅರ್ಧ ಚಮಚ ಜೀರಿಗೆ, ಕಾಯಿತುರಿ, ಹುಣಸೆ, ಬೆಲ್ಲ ಹಾಕಿ ರುಬ್ಬಿದೆ. ಅಮ್ಮಂಗೆ ಫೋನ್ ಮಾಡಿ ಸ್ಪೀಕರಲ್ಲಿ ಇಟ್ಟಿದ್ದೆ.

"ಮೊದ್ಲು ತುದಿ ಕಚ್ಚಿ ನೋಡಿದ್ಯನೆ? ಕಹಿ ಇದ್ರೆ ಇಡೀ ಕಾಯಿ ಎಸಿಬೇಕು ಮಾರಾಯ್ತಿ, ಬೇಯಿಸಿದ್ರೂ ಕಹಿ ಹೋಗಲ್ಲ, ಹೊಟ್ಟೆ ಕೆಡತ್ತೆ."

ನೀರು ಕಮ್ಮಿಯಾಗಿ ಬೆಳೆದ ಬಳ್ಳಿ, ಕಹಿಯಾಗಿದ್ರೆ ಅಂತ ಎದೆ ಡವಡವ. ಕಚ್ಚಿದೆ. ಸಿಹಿ! ಅಮ್ಮ ಆ ಕಡೆಯಿಂದ ನಕ್ಕಿದ್ದು ಕೇಳಿಸ್ತು. ಬಿಲ್ಲೆ ಬಿಲ್ಲೆ ಹೆಚ್ಚಿ, ಹಿಟ್ಟಲ್ಲಿ ಅದ್ದಿ ಕಾವಲಿ ಮೇಲೆ ಒತ್ತೊತ್ತಾಗಿ ಜೋಡಿಸಿ, ಸಂದಿಗೆಲ್ಲ ಹಿಟ್ಟು ಬಿಟ್ಟು ಮುಚ್ಚಿದೆ. ಹಿಟ್ಟು ಗಟ್ಟಿ ಇರ್ಲಿ ಅಂತಿದ್ರು ಅಮ್ಮ, ಅಷ್ಟರಲ್ಲಿ ಲೈನ್ ಕಟ್. ತೀರ್ಥಹಳ್ಳಿ ಕಡೆ ಮಳೆ ಜೋರು, ಊರಲ್ಲಿ ಮೂರು ದಿನದಿಂದ ಕರೆಂಟಿಲ್ಲ, ಫೋನಲ್ಲಿ ಚಾರ್ಜ್ ಎಷ್ಟಿತ್ತೋ, ಕೇಳಲೇ ಇಲ್ಲ. ಆಮೇಲೆ ನಾಲ್ಕು ಸಲ ಮಾಡಿದೆ, ಸ್ವಿಚ್ ಆಫ್. ಪಕ್ಕದ ಮನೆಯವರ ನಂಬರ್ ಇದೆ, ಇಷ್ಟು ಹೊತ್ತಲ್ಲಿ ಬೇಡ, ಬೆಳಿಗ್ಗೆ ಮೊದಲು ಅದೇ ಕೆಲಸ.

ದೋಸೆ ಚೆನ್ನಾಗಿತ್ತು. ಬೆಣ್ಣೆ ಹಾಕ್ಕೊಂಡು ನಾಲ್ಕು ತಿಂದೆ. ಸಿಪ್ಪೆ ಡಬ್ಬೀಲಿದೆ, ನಾಳೆ ಚಟ್ನಿ.

ಈಗ ಕೂತು ಲೆಕ್ಕ ಹಾಕ್ತಿದೀನಿ. 17ರ ಬೆಳಿಗ್ಗೆ ಕೀಳಬೇಕು ಅಂದ್ರೆ ಹನ್ನೊಂದು ದಿನ ಹಿಂದಕ್ಕೆ ಆಗಸ್ಟ್ 6, ಮಂಗಳವಾರ. ಡೆಡ್‌ಲೈನ್ ಮುಗಿದಿರತ್ತೆ, ಆರು ಗಂಟೆಗೆ ಮನೇಲಿರಬಹುದು. ಆದ್ರೆ ಅವತ್ತು ಹೆಣ್ಣು ಹೂವೂ ಇರ್ಬೇಕಲ್ಲ, ಈಗ ಬರ್ತಿರೋದೆಲ್ಲ ಗಂಡೇ ಜಾಸ್ತಿ, ಈ ಭಾನುವಾರ ಗೊಬ್ಬರ ಕೊಟ್ರೆ ಹೊಸ ಕವಲು ಒಡೆದು ಅಷ್ಟೊತ್ತಿಗೆ