ಗ್ಯಾರೇಜಿನಲ್ಲಿ ಮಾತು ಕೇಳುತ್ತಿದ್ದ ಹುಡುಗ

ಹುಡುಗನಿಗೆ 16 ವರ್ಷ. ಬೈಕ್ ಕಳವಿನ ಕೇಸು. ಬಾಲ ನ್ಯಾಯ ಮಂಡಳಿಯ ಮುಂದೆ ಮೊದಲ ಸಲ ಹಾಜರುಪಡಿಸಿದ 15 ದಿನದೊಳಗೆ ಅವನ ಮನೆ, ಶಾಲೆ, ಸಹವಾಸದ ಬಗ್ಗೆ ಪ್ರೊಬೇಷನ್ ಆಫೀಸರ್ ಆದ ನಾನು ವರದಿ ಕೊಡಬೇಕಿತ್ತು. ಬೈಕ್ ಹೇಗೆ ಕಳವಾಯ್ತು ಅಂತ ಪೊಲೀಸರು ಬರೆದಿರುತ್ತಾರೆ. ಹುಡುಗ ಎಂಥವನು ಅಂತ ಯಾರಾದರೂ ಬರೆಯಬೇಕಲ್ವಾ?

ಕೇಳಿದಲ್ಲೆಲ್ಲ ಒಂದೇ ಉತ್ತರ: "ದೊಡ್ಡವರ ಮಾತು ಕೇಳೋನೇ ಅಲ್ಲ ಮೇಡಂ." ಅಪ್ಪ ಕುಡಿದು ಬಂದ ರಾತ್ರಿ ಬೆಲ್ಟ್ ಬಿಚ್ಚುತ್ತಿದ್ದರು, ಬೆಳಿಗ್ಗೆ ಕರೆದು ಕೈಗೆ ದುಡ್ಡಿಡುತ್ತಿದ್ದರು. ಏಟು ಯಾಕೆ, ದುಡ್ಡು ಯಾಕೆ, ಎರಡೂ ಅವನಿಗೆ ಗೊತ್ತಿಲ್ಲ. ಶಾಲೆಯಲ್ಲಿ ಏನು ಕಾಣೆಯಾದರೂ ಮೊದಲು ಇವನ ಬ್ಯಾಗೇ ತಡಕುತ್ತಿದ್ದರು. ಒಂಬತ್ತನೇ ಕ್ಲಾಸಿಗೆ ಬಿಟ್ಟ. 'ಬಾ ಮಗಾ' ಅಂತ ಪಕ್ಕದಲ್ಲಿ ಕೂರಿಸಿಕೊಂಡವರು ಏರಿಯಾದ ದೊಡ್ಡ ಹುಡುಗರು ಮಾತ್ರ. ಪೊಲೀಸರಿಗೆ ಹೆದರೋನಿಗೆ ಅವರ ನಡುವೆ ಬೆಲೆ ಇಲ್ಲ.

ಆಮೇಲೆ, ಅವನು ಕೆಲಕಾಲ ಕೆಲಸ ಕಲಿತ ಗ್ಯಾರೇಜಿಗೆ ಹೋದೆ. "ಅವನಾ? ಒಂದಿನವೂ ಎದುರು ಮಾತಾಡಿಲ್ಲ" ಅಂದರು ಮೆಕ್ಯಾನಿಕ್. ನಾನು ಅಲ್ಲೇ ಕೂತುಬಿಟ್ಟೆ. ಗೋಡೆಯ ಮೇಲೊಂದು ಹಲಗೆ. ಮೊಳೆಗಳಿಗೆ ಸ್ಪ್ಯಾನರ್‌ಗಳು ಸಾಲಾಗಿ ನೇತಾಡುತ್ತಿದ್ದವು. ಒಂದೊಂದರ ಹಿಂದೆಯೂ ಅದರದೇ ಆಕಾರ, ಬಿಳಿ ಪೇಂಟಿನಲ್ಲಿ. ಬರೆದಿದ್ದು ಆ ಹುಡುಗನೇ.

"ಬಾಗಿಲು ಹಾಕೋ ಮುಂಚೆ ಎಲ್ಲ ಅದರದರ ಜಾಗಕ್ಕೆ ಬರಬೇಕು. ನಾನು ತಗೊಂಡಿದ್ದನ್ನ ನಾನೇ ಇಡಬೇಕು. ಒಂದಿನ ನಾನು ಮರೆತೆ, ಅವನೇ ನನ್ನ ಜೋರು ಮಾಡಿದ. ಸುಮ್ನೆ ಬೈಸ್ಕೊಂಡೆ, ತಪ್ಪು ನಂದೇ ತಾನೇ?"

ರಸ್ತೆ ಅಗಲ ಮಾಡುವಾಗ ಗ್ಯಾರೇಜು ಊರಾಚೆ ಹೋಯಿತು. ಹುಡುಗ ಹಿಂದೆ ಉಳಿದ.

ಅವತ್ತು ರಾತ್ರಿಯೇ ವರದಿ ಬರೆದೆ. ಇವನು ಶಿಸ್ತಿಗೆ ಬಗ್ಗದವನಲ್ಲ; ತನಗೊಂದು, ದೊಡ್ಡವರಿಗೊಂದು ಅನ್ನುವ ಶಿಸ್ತಿಗೆ ಬಗ್ಗುವುದಿಲ್ಲ ಅಂತ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಮಗುವಿನ ಜೊತೆ ತಂದೆ-ತಾಯಿಗೂ ಆಪ್ತಸಮಾಲೋಚನೆಗೆ ಅವಕಾಶ ಇದೆ. ನನ್ನ ಪ್ರಕಾರ ಆ ಕಾಯ್ದೆಯ ತುಂಬಾ ಒಳ್ಳೆಯ ಮಾತುಗಳಲ್ಲಿ ಅದೂ ಒಂದು. ಅದನ್ನೇ ಕೇಳಿದೆ. ಮಂಡಳಿ ಒಪ್ಪಿತು.

ಮೊದಲ ದಿನ ಅಪ್ಪ ಬಾಗಿಲಲ್ಲೇ ನಿಂತರು. "ತಪ್ಪು ಮಾಡಿದ್ದು ಅವನು. ನಾನ್ಯಾಕೆ ಕೂರಬೇಕು?"

ಹುಡುಗ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದ.

"ನೀವೂ ಕೂರಲೇಬೇಕು" ಅಂತ ಕುರ್ಚಿ ಎಳೆದು ಕೊಟ್ಟೆ.