ಹಾಲಿನ ಕ್ರೇಟಿನ ಮೇಲೆ ಕುಳಿತು ಹಾಡಿದವರು

ಬೆಳಿಗ್ಗೆಯಿಂದ ಟೆಡ್ ಹಾಕಿನ್ಸ್ ಅವರ ಹಾಡುಗಳನ್ನೇ ಕೇಳುತ್ತಿದ್ದೇನೆ. 1936ರಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಬಿಲಾಕ್ಸಿಯಲ್ಲಿ ಕಡುಬಡತನದಲ್ಲಿ ಹುಟ್ಟಿ, ಹದಿಹರೆಯದಲ್ಲೇ ಸುಧಾರಣಾ ಶಾಲೆಯನ್ನೂ ಮುಂದೆ ಸೆರೆಮನೆಯನ್ನೂ ಕಂಡ ಈ ಗಾಯಕರು, ಲಾಸ್ ಏಂಜಲೀಸ್‌ನ ವೆನಿಸ್ ಕಡಲತೀರದ ಕಾಲುದಾರಿಯಲ್ಲಿ ವರ್ಷಗಟ್ಟಲೆ ಹಾಡಿದರು. ಹಾಲಿನ ಕ್ರೇಟನ್ನೇ ಪೀಠವಾಗಿಸಿಕೊಂಡು, ಗಿಟಾರಿನ ತಂತಿಗಳು ಬೆರಳುಗಳನ್ನು ಕೊಯ್ಯದಂತೆ ಎಡಗೈಗೆ ಚರ್ಮದ ಕೈಗವಸು ತೊಟ್ಟು, ಕಣ್ಣು ಮುಚ್ಚಿ ದನಿಯೆತ್ತಿದರೆ, ಆ ಒರಟು ಕಂಠದೊಳಗಿನ ಮಾರ್ದವ ನನ್ನ ಗಂಟಲನ್ನು ಕಟ್ಟುತ್ತದೆ.

1971ರಲ್ಲಿ ಧ್ವನಿಮುದ್ರಿಸಿದ ಅವರ ಹಾಡುಗಳು ಆಲ್ಬಮ್ ಆಗಿ ಹೊರಬಂದದ್ದು 1982ರಲ್ಲಿ. ಆ ಹನ್ನೊಂದು ವರ್ಷಗಳನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ವಿಮರ್ಶಕರು ಮನಸಾರೆ ಮೆಚ್ಚಿದರೂ ಹೊಟ್ಟೆಪಾಡು ಬೀದಿಯಲ್ಲೇ ಉಳಿಯಿತು. ಎಂಬತ್ತರ ದಶಕದ ಕೊನೆಯಲ್ಲಿ ಕೆಲಕಾಲ ಇಂಗ್ಲೆಂಡಿನಲ್ಲಿ ನೆಲೆಸಿದಾಗ ಅಲ್ಲಿನ ಸಭಾಂಗಣಗಳು ಅವರನ್ನು ಆದರಿಸಿದವು. ತಾಯ್ನಾಡಿಗೆ ಮರಳಿದ ಮೇಲೆ ಮತ್ತೆ ಅದೇ ಕಡಲತೀರ, ಅದೇ ಕ್ರೇಟು. ದೊಡ್ಡ ಕಂಪನಿಯೊಂದು ಅವರ ಆಲ್ಬಮ್ ಹೊರತಂದದ್ದು 1994ರಲ್ಲಿ. ಕೊನೆಗೂ ದೇಶದುದ್ದಕ್ಕೂ ಜನ ಟಿಕೆಟ್ ಕೊಂಡು ಅವರನ್ನು ಕೇಳತೊಡಗಿದ್ದರು. 1995ರ ಜನವರಿ 1ರಂದು, 58ನೆಯ ವಯಸ್ಸಿನಲ್ಲಿ, ಪಾರ್ಶ್ವವಾಯುವಿನಿಂದ ಅವರು ತೀರಿಕೊಂಡರು.

ಸಂಜೆ ಬಸ್ ನಿಲ್ದಾಣದ ಬಳಿ ಹಾರ್ಮೋನಿಯಂ ನುಡಿಸುವ ಹಿರಿಯರೊಬ್ಬರಿದ್ದಾರೆ. ಇಂದು ಅವರ ಹಾಡು ಮುಗಿಯುವವರೆಗೂ ನಿಂತು ಕೇಳಬೇಕೆಂದಿದ್ದೇನೆ.