ಸೂರ್ಯನಿಗೆ ಬೆನ್ನು ಹಾಕಿ ನಿಂತ ಬೆಳಗು

ನೇಪಾಳದ ಘೋರೆಪಾನಿಯಿಂದ ಪೂನ್ ಹಿಲ್ ನೆತ್ತಿಗೆ ಸುಮಾರು ಒಂದು ಗಂಟೆಯ ಏರುದಾರಿ. ನವೆಂಬರ್ ಮೊದಲ ವಾರದ ಆ ಬೆಳಗಿನ ಜಾವ ನಾಲ್ಕೂವರೆಗೆ ನಾನು ಹೊರಟಾಗ, ಕಲ್ಲಿನ ಮೆಟ್ಟಿಲುಗಳ ಉದ್ದಕ್ಕೂ ಹಣೆಗೆ ಕಟ್ಟಿದ ದೀಪಗಳ ಸಾಲು ಆಗಲೇ ಮೇಲಕ್ಕೆ ಹರಿಯುತ್ತಿತ್ತು. ಗುಡ್ಡದ ಎತ್ತರ 3,210 ಮೀಟರ್. ಕ್ಯಾಮೆರಾ, ಎರಡು ಲೆನ್ಸ್ ಮತ್ತು ಟ್ರೈಪಾಡ್ ಹೊತ್ತವನಿಗೆ ಈ ಎತ್ತರದಲ್ಲಿ ಪ್ರತಿ ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಲ್ಲಲು ನೆಪ ಬೇಕಾಗುವುದಿಲ್ಲ.

ಇದು ಅಲ್ಲಿ ನನ್ನ ಎರಡನೆಯ ಬೆಳಗು. ಮೊದಲನೆಯದನ್ನು ಕೈಯಾರೆ ಕೆಡಿಸಿಕೊಂಡಿದ್ದೆ. ಎತ್ತರದಿಂದ ಚೆನ್ನಾಗಿ ಕಾಣುತ್ತದೆಂದು ವೀಕ್ಷಣಾ ಗೋಪುರ ಹತ್ತಿ ಅಲ್ಲಿ ಟ್ರೈಪಾಡ್ ಊರಿದ್ದೆ. ಪಕ್ಕದವರು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದರೂ ನೆಲ ಸಣ್ಣಗೆ ನಡುಗುತ್ತಿತ್ತು. ಶಟರ್ ತೆರೆದೇ ಇರುವ ನಾಲ್ಕು ಸೆಕೆಂಡುಗಳ ಎಕ್ಸ್‌ಪೋಷರ್‌ನಲ್ಲಿ ತೆಗೆದ ಚಿತ್ರಗಳು ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಸ್ಪಷ್ಟವಾಗಿಯೇ ಕಂಡವು. ಕೋಣೆಗೆ ಬಂದು ಹಿಗ್ಗಿಸಿ ನೋಡಿದರೆ ಪ್ರತಿ ನಕ್ಷತ್ರವೂ ಒಂದು ಗೀರಾಗಿತ್ತು, ಶಿಖರದಂಚು ಜೋಡಿ ಗೆರೆಯಾಗಿತ್ತು. ಮೇಲಾಗಿ, ದೃಶ್ಯವೆಲ್ಲ ಒಂದೇ ಚೌಕಟ್ಟಿನಲ್ಲಿ ಬರಲಿ ಎಂಬ ಆಸೆಯಿಂದ ಅಗಲ ನೋಟದ 16 ಮಿ.ಮೀ. ಲೆನ್ಸ್ ಹಾಕಿದ್ದೆ. ಕಣ್ಣಿಗೆ ಆಕಾಶವನ್ನೇ ತುಂಬಿದ್ದ ಧವಳಗಿರಿ ಶಿಖರ ಚಿತ್ರದಲ್ಲಿ ಬೇಲಿಯ ಮೇಲೆ ಒಣಹಾಕಿದ ಕರವಸ್ತ್ರದಷ್ಟಾಗಿ ಕುಳಿತಿತ್ತು.

ಆದ್ದರಿಂದ ಎರಡನೆಯ ದಿನ ಗೋಪುರವನ್ನು ಬಿಟ್ಟು, ಜನರಿಂದ ಸ್ವಲ್ಪ ದೂರ, ಇಬ್ಬನಿ ಹೆಪ್ಪುಗಟ್ಟಿದ್ದ ಹುಲ್ಲಿನ ಇಳಿಜಾರಿನಲ್ಲಿ ನಿಂತೆ. ಟ್ರೈಪಾಡಿನ ನಡುಗಂಬವನ್ನು ಏರಿಸದೆ, ಕಾಲುಗಳನ್ನು ಅಗಲಿಸಿ ಮಣ್ಣಿಗೆ ಒತ್ತಿ, ಭಾರಕ್ಕೆಂದು ಚೀಲವನ್ನು ಕೆಳಗೆ ತೂಗುಹಾಕಿದೆ. ದೂರದ್ದನ್ನು ಹತ್ತಿರಕ್ಕೆ ತರುವ 70-200 ಮಿ.ಮೀ. ಲೆನ್ಸ್ ಹಾಕಿ, ಅದರ ಕಂಪನ ನಿಯಂತ್ರಣವನ್ನು ಆಫ್ ಮಾಡಿ, ಗುಂಡಿ ಒತ್ತಿದ ಎರಡು ಸೆಕೆಂಡುಗಳ ಬಳಿಕ ಶಟರ್ ತೆರೆಯುವಂತೆ ಟೈಮರ್ ಇಟ್ಟೆ. ಕತ್ತಲಲ್ಲಿ ಆಟೋಫೋಕಸ್ ತಡಕಾಡುತ್ತದೆ. ಲೆನ್ಸ್ ಮೇಲಿನ ಅನಂತದ (ತೀರ ದೂರದ ವಸ್ತುಗಳ ಫೋಕಸ್‌ಗಿರುವ) ಗುರುತನ್ನೂ ನಂಬುವಂತಿಲ್ಲ. ಪರದೆಯಲ್ಲಿ ಒಂದು ನಕ್ಷತ್ರವನ್ನು ಹತ್ತು ಪಟ್ಟು ಹಿಗ್ಗಿಸಿ, ಅದು ಸೂಜಿಮೊನೆಯಷ್ಟಾಗುವವರೆಗೆ ಫೋಕಸ್ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸುವುದೇ ಖಚಿತವಾದ ದಾರಿ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆಂದು ಇನ್ನೊಂದನ್ನು ಅಂಗಿಯ ಒಳಜೇಬಿನಲ್ಲಿ ಮೈಬಿಸಿಗೆ ಇಟ್ಟುಕೊಂಡಿದ್ದೆ.

ಗುಂಪೆಲ್ಲ ಪೂರ್ವಕ್ಕೆ ಮುಖಮಾಡಿತ್ತು, ನಾನು ವಾಯವ್ಯಕ್ಕೆ. ಅಪರಿಚಿತರೊಬ್ಬರು ನನ್ನ ಭುಜ ತಟ್ಟಿ, ಮರುಕದಿಂದಲೇ ಇರಬೇಕು, ಸೂರ್ಯ ಹುಟ್ಟುವ ದಿಕ್ಕನ್ನು ತೋರಿಸಿದರು. ನಾನು ತಲೆಯಾಡಿಸಿ ನಕ್ಕೆ. ಪೂರ್ವದ ಕಡೆಯಿರುವ ಮಚ್ಛಪುಚ್ಛ್ರೆ 6,993 ಮೀಟರಿನ ಪವಿತ್ರ ಶಿಖರ. 1957ರಲ್ಲಿ ಅದನ್ನು ಹತ್ತಲು ಹೋದ ತಂಡವು ತುದಿಗೆ ಸುಮಾರು 50 ಮೀಟರ್ ಇರುವಾಗ ಹಿಂದಿರುಗಿತ್ತು. ಅನಂತರ ಅದನ್ನು ಹತ್ತಲು ಅನುಮತಿಯಿಲ್ಲ. ಆದರೆ ಬೆಳಕು ಅದರ ಹಿಂದಿನಿಂದ ಬರುವುದರಿಂದ ಬೆಳಗಿನಲ್ಲಿ ಅದು ಕಪ್ಪು ಆಕೃತಿಯಾಗಿಯೇ ಉಳಿಯುತ್ತದೆ. ಬಣ್ಣವೆಲ್ಲ ಎದುರಿನ ಧವಳಗಿರಿಯ ಪಾಲು.

ಸೂರ್ಯ ದಿಗಂತಕ್ಕಿಂತ ಆರು ಡಿಗ್ರಿಯಷ್ಟು ಕೆಳಗಿರುವ ಹೊತ್ತಿಗೆ ಪಶ್ಚಿಮದ ಆಕಾಶದ ಬುಡದಲ್ಲಿ ಬೂದುನೀಲಿ ಪಟ್ಟಿಯೊಂದು ಮೂಡಿತು. ಅದು ಭೂಮಿಯದೇ ನೆರಳು. ಅದರ ಮೇಲೆ ಗುಲಾಬಿ ಅಂಚು ನಿಧಾನವಾಗಿ ದಟ್ಟವಾಗುತ್ತ ಬಂತು. ನೆರಳು ತಗ್ಗಿದಂತೆ, 8,167 ಮೀಟರ್ ಎತ್ತರದ ಧವಳಗಿರಿಯ ತುದಿಗೆ, ನಾವು ನಿಂತಿದ್ದ ನೆಲ ಇನ್ನೂ ಸೂರ್ಯನನ್ನು ಕಾಣುವ ಮೊದಲೇ ಬಿಸಿಲು ತಾಗಿತು. ವಾತಾವರಣದಲ್ಲಿ ಅಷ್ಟು ಓರೆಯಾಗಿ, ಅಷ್ಟು ದೂರ ಸಾಗಿ ಬರುವ ಬೆಳಕಿನಲ್ಲಿ ನೀಲಿಯ ಬಹುಪಾಲು ದಾರಿಯಲ್ಲೇ ಚದುರಿರುತ್ತದೆ. ಹಿಮದ ಮೇಲೆ ಬಿದ್ದದ್ದು ಉಳಿದ ಕೆಂಪು. ಮೊದಲು ಒಂದು ಕಿಡಿ, ಆಮೇಲೆ ತ್ರಿಕೋನ, ಆಮೇಲೆ ಕೆಂಪಿನ ಗೆರೆ ಬಂಡೆಯ ಏಣೊಂದರಿಂದ ಇನ್ನೊಂದಕ್ಕೆ ಇಳಿಯುತ್ತ ಹಿಮದ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿತು. ಕೆಳಗೆ, ಧವಳಗಿರಿ ಮತ್ತು ಅನ್ನಪೂರ್ಣದ ನಡುವೆ ಕಾಳಿ ಗಂಡಕಿ ನದಿ ಕೊರೆದ ಕಮರಿ ಇನ್ನೂ ಇರುಳಿನ ನೀಲಿಯಲ್ಲೇ ಇತ್ತು.

ಇಲ್ಲಿ ನಾನು ಆಸೆಯಿಂದ ಹೊತ್ತು ತಂದಿದ್ದ, ಚೌಕಟ್ಟಿನ ಮೇಲ್ಭಾಗದ ಬೆಳಕನ್ನು ಮಾತ್ರ ತಗ್ಗಿಸುವ ಗ್ರಾಜುಯೇಟೆಡ್ ಫಿಲ್ಟರ್ ಕೆಲಸಕ್ಕೆ ಬರಲಿಲ್ಲ. ಸಮುದ್ರದ ದಿಗಂತದಂತೆ ನೇರವಲ್ಲದ ಈ ಅಂಚಿನಲ್ಲಿ ಅದು ಆಕಾಶದ ಜೊತೆಗೆ ಶಿಖರವನ್ನೂ ಮಸುಕಾಗಿಸುತ್ತದೆ. ಶಿಖರಕ್ಕೊಂದು, ಕಮರಿಗೊಂದು ಎಂದು ಎರಡು ಎಕ್ಸ್‌ಪೋಷರ್ ತೆಗೆದು ಆಮೇಲೆ ಜೋಡಿಸುವುದೇ ಮೇಲು. ಚಿತ್ರದ ಬೆಳಕಿನ ಹಂಚಿಕೆಯನ್ನು ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಮ್ ಕೂಡ ಮೋಸಮಾಡುತ್ತಿತ್ತು: ಒಟ್ಟು ಬೆಳಕಿನ ರೇಖೆ ಸುರಕ್ಷಿತವಾಗಿದ್ದರೂ ಕೆಂಪಿನ ರೇಖೆ ಅತಿ ಪ್ರಕಾಶದ ಬಲತುದಿಗೆ ಅಂಟಿತ್ತು, ಎಂದರೆ ಹಿಮದ ವಿವರಗಳು ಕರಗುತ್ತಿದ್ದವು. ಎಕ್ಸ್‌ಪೋಷರನ್ನು ಒಂದು ಸ್ಟಾಪಿನ (ಬೆಳಕನ್ನು ಅರ್ಧಕ್ಕಿಳಿಸುವ ಒಂದು ಹಂತ) ಮೂರನೇ ಎರಡರಷ್ಟು ಇಳಿಸಿದ ಮೇಲೆ ಅವು ಮರಳಿದವು.

ಗುಂಪು ಉದ್ಗರಿಸಿದಾಗ, ಅಂದರೆ ಸೂರ್ಯ ಕಂಡಾಗ, ಕೆಂಪು ಕಿತ್ತಳೆಗೆ ತಿರುಗಿಯಾಗಿತ್ತು. ಕಾಲು ಗಂಟೆಯಲ್ಲಿ ಬೆಟ್ಟಗಳು ಬರಿಯ ಬಿಳಿಯಾದವು. ನೂರರ ಮೇಲೆ ಚಿತ್ರಗಳಲ್ಲಿ ನಾನು ಉಳಿಸಿಕೊಂಡದ್ದು ಒಂಬತ್ತು. ಅವುಗಳಲ್ಲಿ ಮೊದಲನೆಯದು ತುದಿಗೆ ಕಿಡಿ ತಾಗಿದ ಕ್ಷಣದ್ದು. ಕ್ಯಾಮೆರಾದ ಗಡಿಯಾರವನ್ನು ಭಾರತದ ಸಮಯದಿಂದ ಬದಲಿಸಲು ಮರೆತಿದ್ದರಿಂದ ಅದರ ಮೇಲೆ 6.01 ಎಂದಿದೆ, ಅಲ್ಲಿ ಆಗ 6.16.